ಮನೆಯ ಕಂಪ್ಯೂಟರಿನಲ್ಲಿ ಕನ್ನಡ ಚಿತ್ರಕಥೆ ಬರೆಯಲು ಯಾವ ತಂತ್ರಾಂಶ ಸೂಕ್ತ?

ತುಂಗಾತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಹವ್ಯಾಸಿ ರಂಗತಂಡಗಳಿಗೆ ನಾಟಕ ಬರೆದು ರೂಢಿಯಿರುವ ನಾನು ಈಗ ಒಂದು ಪೂರ್ಣಪ್ರಮಾಣದ ಚಲನಚಿತ್ರಕ್ಕೆ ಚಿತ್ರಕಥೆ ಮತ್ತು ಸಂಭಾಷಣೆ ಬರೆಯಲು ಕುಳಿತಿದ್ದೇನೆ. ಶಿವಮೊಗ್ಗದ ಮನೆಯಲ್ಲಿರುವುದು ವಿಂಡೋಸ್ 10ರ ಹಳೆಯ ಕಂಪ್ಯೂಟರು, ರ‍್ಯಾಮ್ 4 ಜಿಬಿ. ಮಳೆಗಾಲದಲ್ಲಿ ಅಂತರಜಾಲವನ್ನು ನಂಬುವಂತಿಲ್ಲವಾದ್ದರಿಂದ ಬ್ರೌಸರಿನಲ್ಲೇ ಕೂತು ಬರೆಯಬೇಕಾದ ಸೇವೆಗಳು ನನಗೆ ಆಗಿಬರುವುದಿಲ್ಲ. ಇದುವರೆಗೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ವರ್ಡ್ ಕಡತವಾಗಿ ಉಳಿಸುತ್ತಿದ್ದೆ. ಆದರೆ ಒಂದು ದೃಶ್ಯವನ್ನು ಹಿಂದಕ್ಕೋ ಮುಂದಕ್ಕೋ ಸರಿಸಿದರೆ ಅಲ್ಲಿಂದಾಚೆಗಿನ ದೃಶ್ಯಸಂಖ್ಯೆಗಳನ್ನೆಲ್ಲ ಕೈಯಿಂದಲೇ ತಿದ್ದಬೇಕಾಗುತ್ತದೆ, ಪಾತ್ರದ ಹೆಸರನ್ನು ಪ್ರತಿ ಸಲವೂ ಹೊಸದಾಗಿ ಟೈಪ್ ಮಾಡಬೇಕಾಗುತ್ತದೆ.

ಗೆಳೆಯರೊಬ್ಬರು ಫೈನಲ್ ಡ್ರಾಫ್ಟ್ ಎಂಬ ಚಿತ್ರಕಥೆ ತಂತ್ರಾಂಶ ಕೊಂಡುಕೊಳ್ಳಿ, ಹಾಲಿವುಡ್ಡಿನಲ್ಲಿ ಎಲ್ಲರೂ ಬಳಸುವುದು ಅದನ್ನೇ ಎನ್ನುತ್ತಾರೆ. ವಿವರಣೆ, ಸಂಭಾಷಣೆ ಎರಡನ್ನೂ ಕನ್ನಡ ಲಿಪಿಯಲ್ಲೇ ಬರೆಯುವವನಿಗೆ ಅದು ಬೇಕೇ? ಉಚಿತವಾಗಿ ಅಥವಾ ಒಮ್ಮೆ ಹಣ ಕೊಟ್ಟರೆ ಸಾಕೆನ್ನುವ ರೀತಿಯಲ್ಲಿ ಸಿಗುವಂಥವು ಯಾವುವು? ಬಳಸಿ ಗೊತ್ತಿರುವವರು ದಯವಿಟ್ಟು ತಿಳಿಸಿ.

ಬಯಲುಸೀಮೆ:

ತುಂಗಾತೀರ ಅವರೇ, ಫೈನಲ್ ಡ್ರಾಫ್ಟ್ ಒಳ್ಳೆಯ ತಂತ್ರಾಂಶವೇ. ಆದರೆ ಅದರ ಹೆಚ್ಚುಗಾರಿಕೆಯೆಲ್ಲ ಇರುವುದು ಹಾಲಿವುಡ್ಡಿನ ಕೆಲಸದ ಪದ್ಧತಿಯಲ್ಲಿ: ಚಿತ್ರೀಕರಣ ಶುರುವಾದ ಮೇಲೆ ಪುಟಸಂಖ್ಯೆ ಕದಲದಂತೆ ಕಟ್ಟಿಹಾಕುವುದು, ತಿದ್ದಿದ ಪುಟಗಳನ್ನಷ್ಟೇ ಬೇರೆ ಬೇರೆ ಬಣ್ಣದ ಹಾಳೆಗಳಲ್ಲಿ ಹಂಚುವುದು, ಇಂಥವು. ಬೆಲೆಯೂ 200 ಡಾಲರಿನ ಆಸುಪಾಸು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಮೊದಲ ಚಿತ್ರಕಥೆಗೆ, ಅದೂ ಕನ್ನಡದ ಚಿತ್ರಕಥೆಗೆ, ಇಷ್ಟು ಖರ್ಚು ಮಾಡಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮವರಿಗೆ ಮೊದಲು ಹೇಳಬೇಕಾದ ಹೆಸರು ಸ್ಕ್ರೈಟ್. ಬೆಂಗಳೂರಿನ ಟೆರಿಫ್ಲಿಕ್ಸ್ ಸಂಸ್ಥೆಯವರು ಭಾರತೀಯ ಭಾಷೆಗಳ ಬರಹಗಾರರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ರೂಪಿಸಿದ್ದಾರೆ. ಇಂಗ್ಲಿಷ್ ಕೀಲಿಮಣೆಯಲ್ಲಿ ಉಚ್ಚಾರಣೆಯಂತೆ ಒತ್ತುತ್ತ ಹೋದರೆ ಕನ್ನಡ ಮೂಡುವ ವ್ಯವಸ್ಥೆ ಅದರೊಳಗೇ ಇದೆ, ಒಂದೊಂದು ಭಾಷೆಗೆ ಒಂದೊಂದು ಅಕ್ಷರಶೈಲಿ ಆರಿಸಿಕೊಳ್ಳಬಹುದು, ದೃಶ್ಯಗಳನ್ನು ಚೀಟಿಗಳ ರೂಪದಲ್ಲಿ ಪರದೆಯ ಮೇಲೆ ಹರಡಿ ಹಿಂದುಮುಂದು ಮಾಡಬಹುದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುತ್ತದೆ. ಆರಂಭದಲ್ಲಿ ಇದನ್ನು ಉಚಿತವಾಗಿ, ಮುಕ್ತ ತಂತ್ರಾಂಶವಾಗಿ ಬಿಟ್ಟಿದ್ದರು. ಈಗಿನ ಆವೃತ್ತಿಯ ಷರತ್ತು ಮತ್ತು ಶುಲ್ಕವನ್ನು ಇಳಿಸಿಕೊಳ್ಳುವ ದಿನವೇ ಅವರ ತಾಣದಲ್ಲಿ ಓದಿಕೊಳ್ಳಿ.

ಹಣ ಕೊಟ್ಟೇ ಕೊಳ್ಳುವುದಾದರೆ ಫೇಡ್ ಇನ್ ಇದೆ. ಸುಮಾರು 80 ಡಾಲರು, ಒಮ್ಮೆ ಕೊಟ್ಟರೆ ಮುಗಿಯಿತು, ಪ್ರಯೋಗಕ್ಕೆಂದು ಉಚಿತ ಆವೃತ್ತಿಯೂ ಉಂಟು. ಟ್ರೆಲ್ಬಿ ಎಂಬ ಉಚಿತ ತಂತ್ರಾಂಶವನ್ನು ಎಲ್ಲ ಪಟ್ಟಿಗಳಲ್ಲೂ ಹೊಗಳಿರುತ್ತಾರೆ. ಬಹುಕಾಲ ಬಳಕೆಯಲ್ಲಿದ್ದ ಅದರ 2012ರ ಆವೃತ್ತಿಗೆ ಯೂನಿಕೋಡ್ (ಎಲ್ಲ ಲಿಪಿಗಳನ್ನೂ ಒಳಗೊಳ್ಳುವ ಅಕ್ಷರಸಂಕೇತ ಪದ್ಧತಿ) ಗೊತ್ತಿಲ್ಲ, ಅಂದರೆ ಕನ್ನಡ ಮೂಡುವುದೇ ಇಲ್ಲ. ಸೆಲ್ಟೆಕ್ಸ್ ಒಂದು ಕಾಲಕ್ಕೆ ಮನೆಯ ಕಂಪ್ಯೂಟರಿನಲ್ಲೇ ನಡೆಯುತ್ತಿದ್ದ ಉಚಿತ ತಂತ್ರಾಂಶವಾಗಿತ್ತು, ಈಗ ಚಂದಾ ಕಟ್ಟಿ ಜಾಲದಲ್ಲಿ ಬಳಸುವಂಥದ್ದಾಗಿದೆ. (ಹಳೆಯ ಸೆಲ್ಟೆಕ್ಸ್ ಕಡತಗಳು ಯಾರ ಬಳಿಯಾದರೂ ಉಳಿದಿದ್ದರೆ ಅವುಗಳ ಹೆಸರಿನ ಕೊನೆಯ ಭಾಗವನ್ನು ಜಿಪ್ ಎಂದು ಬದಲಿಸಿ ಬಿಚ್ಚಿ ನೋಡಿ, ಬರಹ ಒಳಗೇ ಸಿಗುತ್ತದೆ.)

ಯಾವುದನ್ನು ಆರಿಸಿದರೂ ಮೊದಲು ಒಂದು ಪುಟ ಬರೆದು ಪರೀಕ್ಷಿಸಿ. ಆ ಪುಟದಲ್ಲಿ ಸ್ವಾತಂತ್ರ್ಯ, ರಾಷ್ಟ್ರೀಯ, ಸೂರ್ಯ, ರ‍್ಯಾಂಕ್ ಎಂಬ ಪದಗಳಿರಲಿ. ಅದನ್ನು ಪಿಡಿಎಫ್ ಮಾಡಿ ಬೇರೊಬ್ಬರ ಮೊಬೈಲಿನಲ್ಲಿ ತೆರೆದು, ಒತ್ತಕ್ಷರಗಳು ತಮ್ಮ ಜಾಗದಲ್ಲೇ ಇವೆಯೇ, ಕೆಳಗಿನ ಸಾಲಿನ ಗುಣಿತಚಿಹ್ನೆಗಳಿಗೆ ತಗಲುತ್ತಿಲ್ಲವೇ ಎಂದು ನೋಡಿ. ಪರದೆಯ ಮೇಲೆ ಸೊಗಸಾಗಿ ಕಾಣುವ ಕನ್ನಡ ಪಿಡಿಎಫ್ ಆಗುವಾಗಲೇ ಚೆದುರಿಹೋಗುವುದುಂಟು, ನಿರ್ಮಾಪಕರ ಕೈಗೆ ಹೋಗುವುದು ಆ ಪಿಡಿಎಫ್ ತಾನೇ.

ಮುಕ್ತಾಕ್ಷರ:

4 ಜಿಬಿ ಯಂತ್ರವೆಂದರೆ ನಾನು ಫೌಂಟನ್ ವಿಧಾನವನ್ನು ಸೂಚಿಸುತ್ತೇನೆ. ಇದು ತಂತ್ರಾಂಶವಲ್ಲ, ಸಾದಾ ಪಠ್ಯದಲ್ಲಿ ಚಿತ್ರಕಥೆ ಬರೆಯುವ ಒಂದು ಒಪ್ಪಂದ. ಚಿತ್ರಕಥೆಗಾರ ಜಾನ್ ಆಗಸ್ಟ್ ಮತ್ತು ಸಂಗಡಿಗರು 2012ರಲ್ಲಿ ಇದನ್ನು ಪ್ರಕಟಿಸಿದರು. ನೋಟ್‌ಪ್ಯಾಡ್ ಸಾಕು. ಫೇಡ್ ಇನ್, ಸ್ಕ್ರೈಟ್, ಮ್ಯಾಕ್ ಇರುವವರಿಗೆ ಉಚಿತವಾಗಿ ಸಿಗುವ ಬೀಟ್, ಇವೆಲ್ಲವೂ ಈ ಕಡತವನ್ನು ಓದುತ್ತವೆ.

ಆದರೆ ಕನ್ನಡದಲ್ಲಿ ಒಂದು ತೊಡಕಿದೆ, ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಇದರ ಪ್ರಸ್ತಾಪ ಕಾಣುವುದು ಅಪರೂಪ. ಫೌಂಟನ್ ಪಾತ್ರದ ಹೆಸರನ್ನು ಗುರುತಿಸುವುದು ಆ ಸಾಲು ಪೂರ್ತಿಯಾಗಿ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿದೆಯೇ ಎಂಬುದರಿಂದ. ಕನ್ನಡದಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎಂಬ ಭೇದವೇ ಇಲ್ಲವಾದ್ದರಿಂದ, ತಂತ್ರಾಂಶದವರು ಆ ಪರೀಕ್ಷೆಯನ್ನು ಹೇಗೆ ಬರೆದಿದ್ದಾರೆ ಎಂಬುದನ್ನು ಅನುಸರಿಸಿ ಒಂದೋ ಯಾವ ಹೆಸರೂ ಪಾತ್ರವೆಂದು ಗುರುತಾಗುವುದಿಲ್ಲ, ಇಲ್ಲವೇ ಎರಡು ಸಾಲಿನ ವಿವರಣೆಯ ಮೊದಲ ಸಾಲೇ ಪಾತ್ರದ ಹೆಸರಾಗಿ ಪುಟದ ನಡುವಿಗೆ ಬಂದು ಕೂರುತ್ತದೆ. ಇದಕ್ಕೆ ಪರಿಹಾರವೂ ಆ ಒಪ್ಪಂದದಲ್ಲೇ ಇದೆ. ದೃಶ್ಯಶೀರ್ಷಿಕೆಯ ಮೊದಲಿಗೆ ಒಂದು ಚುಕ್ಕಿ, ಪಾತ್ರದ ಹೆಸರಿನ ಮೊದಲಿಗೆ ಮಿಂಚಂಚೆಯ ವಿಳಾಸದಲ್ಲಿ ಬರುವ ಚಿಹ್ನೆ, ವಿವರಣೆಯ ಮೊದಲಿಗೆ ಆಶ್ಚರ್ಯಸೂಚಕ ಹಾಕಿದರೆ ಯಾವ ತಂತ್ರಾಂಶವೂ ಗೊಂದಲಕ್ಕೀಡಾಗುವುದಿಲ್ಲ. ಹೀಗೆ:

.ಒಳಾಂಗಣ. ಅಂಚೆ ಕಚೇರಿ - ಹಗಲು

!ಸರೋಜಾ ಕಿಟಕಿಯ ಮುಂದೆ ನಿಂತಿದ್ದಾಳೆ. ಒಳಗೆ ಅಂಚೆಯಣ್ಣ ತಲೆ ಎತ್ತುವುದಿಲ್ಲ.

@ಸರೋಜಾ
(ರಸೀದಿಯನ್ನು ಮಡಚುತ್ತ)
ಮನಿಯಾರ್ಡರು ಬಂದು ಎರಡು ದಿನ ಆಯ್ತಂತೆ. ನಂಗ್ಯಾಕೆ ಹೇಳ್ಲಿಲ್ಲ?

ಎರಡು ಪುಟ ಬರೆಯುವಷ್ಟರಲ್ಲಿ ಕೈಗೆ ರೂಢಿಯಾಗುತ್ತದೆ. ಕಡತವನ್ನು ಯೂನಿಕೋಡಿನ ಯುಟಿಎಫ್-8 ರೂಪದಲ್ಲೇ ಉಳಿಸಿ. ಟೈಪಿಂಗಿಗೆ ಬೇರೇನೂ ಬೇಡ, 2019ರ ಮೇ ತಿಂಗಳ ನವೀಕರಣದಿಂದೀಚೆಗೆ ವಿಂಡೋಸ್ 10ರಲ್ಲೇ ಕನ್ನಡದ ಧ್ವನ್ಯಾತ್ಮಕ ಕೀಲಿಮಣೆ ಬಂದಿದೆ. ಅಂದಹಾಗೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮುಂದೆ ಆ ಯಂತ್ರಕ್ಕೆ ಲಿನಕ್ಸ್ ಹಾಕಿಸುವ ಯೋಚನೆ ಬಂದರೂ ಈ ಕಡತಗಳು ಹಾಗೆಯೇ ತೆರೆದುಕೊಳ್ಳುತ್ತವೆ.

ಸೀನ್ ಆರ್ಡರ್:

ಸಹಾಯಕ ನಿರ್ದೇಶಕನಾಗಿ ದುಡಿಯುತ್ತಿರುವವನು ನಾನು, ಆದ್ದರಿಂದ ಬರೆದದ್ದು ಮುಂದೆ ಯಾರ ಕೈಗೆ ಹೋಗುತ್ತದೆ ಎಂಬ ಕಡೆಯಿಂದ ಹೇಳುತ್ತೇನೆ. ನಾನು ಕಂಡ ಮಟ್ಟಿಗೆ ನಮ್ಮಲ್ಲಿ ಯಾರೂ ಫೈನಲ್ ಡ್ರಾಫ್ಟ್ ಕಡತವನ್ನೇ ಕೊಡಿ ಎಂದು ಹಟ ಹಿಡಿಯುವುದಿಲ್ಲ. ನಿರ್ದೇಶಕರು ಕೇಳುವುದು ಮೊದಲು ಒನ್ ಲೈನ್ ಆರ್ಡರ್ (ದೃಶ್ಯಕ್ಕೊಂದು ಸಾಲಿನ ಪಟ್ಟಿ), ಆಮೇಲೆ ಡೈಲಾಗ್ ವರ್ಷನ್ (ಸಂಭಾಷಣೆ ಸೇರಿಸಿದ ಪ್ರತಿ), ಕೊನೆಗೆ ಬೌಂಡ್ ಸ್ಕ್ರಿಪ್ಟ್ (ಅಂತಿಮಗೊಂಡ ಪೂರ್ಣ ಪ್ರತಿ). ಪುಟವನ್ನು ಎರಡು ಭಾಗ ಮಾಡಿ ಎಡಕ್ಕೆ ದೃಶ್ಯದ ವಿವರ, ಬಲಕ್ಕೆ ಸಂಭಾಷಣೆ ಬರೆಸಿಕೊಳ್ಳುವ ನಿರ್ದೇಶಕರು ಇನ್ನೂ ಇದ್ದಾರೆ. ಹಾಲಿವುಡ್ ಮಾದರಿಗೆಂದೇ ಕಟ್ಟಿದ ತಂತ್ರಾಂಶಗಳಲ್ಲಿ ಇದನ್ನು ಮಾಡಿಸುವುದು ತಲೆನೋವಿನ ಕೆಲಸ, ವರ್ಡ್‌ನಂಥದೇ ಆದ ಲಿಬ್ರೆ ಆಫೀಸ್ ರೈಟರ್‌ನಲ್ಲಿ ಒಂದು ಕೋಷ್ಟಕ ಹಾಕಿದರೆ ಆಗಿಹೋಗುತ್ತದೆ.

ಆ ರೈಟರ್ ಉಚಿತ, ಚಿತ್ರಕಥೆಗೂ ಚೆನ್ನಾಗಿಯೇ ಒದಗುತ್ತದೆ. ಎಫ್11 ಒತ್ತಿ ದೃಶ್ಯ, ವಿವರಣೆ, ಪಾತ್ರ, ಸಂಭಾಷಣೆ ಎಂದು ನಾಲ್ಕು ಪ್ಯಾರಾ ಶೈಲಿಗಳನ್ನು ಮಾಡಿಕೊಳ್ಳಿ. ಪಾತ್ರದ ಮುಂದಿನ ಶೈಲಿ ಸಂಭಾಷಣೆ, ಸಂಭಾಷಣೆಯ ಮುಂದಿನದು ಪಾತ್ರ ಎಂದು ನಿಗದಿ ಮಾಡಿದರೆ ಎಂಟರ್ ಒತ್ತಿದಾಗೆಲ್ಲ ಅದು ತಾನಾಗಿ ಬದಲಾಗುತ್ತದೆ. ದೃಶ್ಯದ ಶೈಲಿಗೆ ಸಂಖ್ಯೆ ಜೋಡಿಸಿದರೆ ನಿಮ್ಮ ಮುಖ್ಯ ತಾಪತ್ರಯವೂ ತೀರಿತು. ಒಂದು ಎಚ್ಚರಿಕೆ: ರೈಟರ್ ಕನ್ನಡವನ್ನು ಸಂಕೀರ್ಣ ಲಿಪಿಗಳ ಗುಂಪಿನಲ್ಲಿಟ್ಟು ಅದಕ್ಕೆ ಬೇರೆಯೇ ಅಕ್ಷರಶೈಲಿಯ ಆಯ್ಕೆ ಕೊಡುತ್ತದೆ. ಪಾಶ್ಚಾತ್ಯ ಲಿಪಿಯ ಆಯ್ಕೆಯನ್ನು ಎಷ್ಟು ಬದಲಿಸಿದರೂ ಇಂಗ್ಲಿಷ್ ಅಕ್ಷರಗಳಷ್ಟೇ ಬದಲಾಗುತ್ತವೆ. ಸಂಕೀರ್ಣ ಲಿಪಿಗಳ ಆಯ್ಕೆಯಲ್ಲಿ ನಿರ್ಮಲಾ ಅಥವಾ ನೋಟೊ ಸೆರಿಫ್ ಕನ್ನಡ ಆರಿಸಿಕೊಳ್ಳಿ.

ಇನ್ನು ಚಿತ್ರಕಥೆಯ ಒಂದು ಪುಟಕ್ಕೆ ತೆರೆಯ ಮೇಲೆ ಒಂದು ನಿಮಿಷ ಎಂಬ ಲೆಕ್ಕ. ಅದು ಹುಟ್ಟಿದ್ದು ಅಮೆರಿಕದ ಲೆಟರ್ ಅಳತೆಯ ಹಾಳೆಯಲ್ಲಿ, 12 ಪಾಯಿಂಟಿನ ಕೊರಿಯರ್ ಎಂಬ ಅಕ್ಷರಶೈಲಿಯಲ್ಲಿ. ಅಲ್ಲಿ ಇಂಚಿಗೆ 6 ಸಾಲು, ಮೇಲೆ ಕೆಳಗೆ ಒಂದೊಂದು ಇಂಚು ಬಿಟ್ಟರೆ ಪುಟಕ್ಕೆ 54 ಸಾಲು. ಕನ್ನಡದ ಒತ್ತಕ್ಷರಗಳು ಉಸಿರಾಡಬೇಕೆಂದು ಸಾಲುಗಳ ಅಂತರವನ್ನು 18 ಪಾಯಿಂಟಿಗೆ ಏರಿಸಿದರೆ ಅದೇ ಎತ್ತರದಲ್ಲಿ 36 ಸಾಲಷ್ಟೇ ಹಿಡಿಯುತ್ತವೆ. ಅಂದರೆ 100 ಪುಟದ ಚಿತ್ರಕಥೆ 150 ಪುಟವಾಗುತ್ತದೆ, ಚಿತ್ರದ ಉದ್ದ ಮಾತ್ರ ಒಂದು ನಿಮಿಷವೂ ಹೆಚ್ಚಿರುವುದಿಲ್ಲ. ಆದ್ದರಿಂದ ತಂತ್ರಾಂಶ ತೋರಿಸುವ ಅವಧಿಯನ್ನು ನಂಬಿ ದೃಶ್ಯಗಳಿಗೆ ಕತ್ತರಿ ಹಾಕಬೇಡಿ. ನಾಲ್ಕಾರು ಬಗೆಯ ದೃಶ್ಯಗಳನ್ನು ಗಡಿಯಾರ ಹಿಡಿದು ಗಟ್ಟಿಯಾಗಿ ಓದಿ, ನಿಮ್ಮ ಪುಟಕ್ಕೆ ಎಷ್ಟು ಸೆಕೆಂಡು ಎಂಬುದನ್ನು ನೀವೇ ಕಂಡುಕೊಳ್ಳಿ. ನಾಟಕ ಬರೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತುಂಗಾತೀರ:

ಮೂವರಿಗೂ ಧನ್ಯವಾದಗಳು. ಸ್ಕ್ರೈಟ್ ಮತ್ತು ರೈಟರ್ ಎರಡರಲ್ಲೂ ಒಂದೇ ದೃಶ್ಯವನ್ನು ಬರೆದು ನೋಡುತ್ತೇನೆ. ಇನ್ನೊಂದು ವಿಷಯ ಉಳಿಯಿತು. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿರುವ ದೃಶ್ಯಗಳನ್ನು ಹೊಸ ತಂತ್ರಾಂಶಕ್ಕೆ ಅಂಟಿಸಿದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತಿದೆ. ಅವನ್ನೆಲ್ಲ ಮತ್ತೆ ಟೈಪ್ ಮಾಡಲೇಬೇಕೇ?

ಬಯಲುಸೀಮೆ:

ಬೇಕಾಗಿಲ್ಲ. ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ರೂಪಗಳನ್ನು ಕೂರಿಸಿದಂಥವು, ಶೈಲಿ ಬದಲಾದ ಕೂಡಲೇ ಒಳಗಿನ ಸಂಕೇತ ಹೊರಬೀಳುತ್ತದೆ. ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿಯೇ ಸಿಗುತ್ತವೆ. ಆದರೆ ಇಡೀ ಕಡತವನ್ನು ಒಮ್ಮೆಗೇ ಸುರಿಯಬೇಡಿ. ನಡುನಡುವೆ ನಿಜವಾದ ಇಂಗ್ಲಿಷಿನಲ್ಲಿ ಬರೆದ ದೃಶ್ಯಶೀರ್ಷಿಕೆಗಳಿದ್ದರೆ ಪರಿವರ್ತಕಕ್ಕೆ ಅದು ತಿಳಿಯದು, ಅವನ್ನೂ ಅರ್ಥವಿಲ್ಲದ ಕನ್ನಡವಾಗಿಸಿಬಿಡುತ್ತದೆ. ಶೀರ್ಷಿಕೆಗಳನ್ನು ಬಿಟ್ಟು ಒಂದೊಂದೇ ದೃಶ್ಯವನ್ನು ಪರಿವರ್ತಿಸಿ, ಅರ್ಕಾವತ್ತು ಬರುವ ಪದಗಳನ್ನು ಕಣ್ಣಿಟ್ಟು ಓದಿ. ಮೂಲ ವರ್ಡ್ ಕಡತಗಳನ್ನೂ ಆ ಅಕ್ಷರಶೈಲಿಯ ಕಡತವನ್ನೂ ಒಟ್ಟಿಗೆ ಒಂದು ಪೆನ್‌ಡ್ರೈವಿನಲ್ಲಿ ಎತ್ತಿಡಿ. ಎಲ್ಲಾದರೂ ಒಂದು ಸಾಲು ಕೆಟ್ಟಿದ್ದು ಆರು ತಿಂಗಳ ಮೇಲೆ ಗೊತ್ತಾದರೂ ಮೂಲದಲ್ಲಿ ಏನಿತ್ತೆಂದು ನೋಡಿಕೊಳ್ಳಬಹುದು.