ಅಳಿಯನಿಗೆ ಕೊಡೋ ವಾಚು: ಲಕ್ಷದ್ದೋ, ಇಪ್ಪತ್ತೈದು ಸಾವಿರದ್ದೋ?

ಮದುವೆಮನೆ_577002

ಎಲ್ಲರಿಗೂ ನಮಸ್ಕಾರ. ಮನೇಲಿ ಮದುವೆ, ಅಳಿಯನಿಗೆ ವಾಚು ಕೊಡಬೇಕು. ಲಕ್ಷದವರೆಗೂ ಎಳೀಬಹುದು. ಎಳೀಲೇಬೇಕಾ ಅನ್ನೋದೇ ಪ್ರಶ್ನೆ. ನೋಡಿಟ್ಟಿರೋದು ಮೂರು: ಟಿಸ್ಸಾಟ್ ಪಿಆರ್‌ಎಕ್ಸ್ ಪವರ್‌ಮ್ಯಾಟಿಕ್ 80, ಸೀಕೋ 5 ಆಟೋಮ್ಯಾಟಿಕ್ (ಇವೆರಡೂ ಕೈ ಆಡಿದ ಹಾಗೆ ತಾವೇ ಕೀ ತುಂಬ್ಕೊಳ್ಳೋವು), ಇಲ್ಲಾಂದ್ರೆ ಹತ್ತು ಸಾವಿರದೊಳಗಿನ ಟೈಟಾನ್ ಕ್ವಾರ್ಟ್ಜ್, ಅಂದ್ರೆ ಬ್ಯಾಟರಿದು.

ಹುಡುಗ ಚಿತ್ರದುರ್ಗದ ಹತ್ರ ಗಾಳಿಯಂತ್ರದ ಸೈಟಲ್ಲಿ ಎಂಜಿನಿಯರ್. ಧೂಳು, ಬಿಸಿಲು, ದಿನಾ ಬೈಕು. ಮನೇಲಿ ಒಬ್ರು "ಎಚ್‌ಎಂಟಿಗಿಂತ ಬೇಕಾ" ಅಂತಾರೆ, ಇನ್ನೊಬ್ರು "ಸಾಲ ಮಾಡಿಯಾದ್ರೂ ರೋಲೆಕ್ಸ್ ತಗೊಂಡ್ರೆ ಬಂಗಾರ ಇದ್ದಂಗೆ" ಅಂತಾರೆ. ದುಡ್ಡು ಜಾಸ್ತಿ ಕೊಟ್ಟಷ್ಟೂ ನಿಜವಾಗಿ ಏನು ಜಾಸ್ತಿ ಸಿಗುತ್ತೆ? ಕೆಟ್ಟರೆ ದಾವಣಗೆರೇಲೇ ರಿಪೇರಿ ಆಗುತ್ತಾ? ಗೊತ್ತಿರೋರು ಬಿಡಿಸಿ ಹೇಳಿ.

ಬೀಟ್_28800

ಟೈಮಿನ ಲೆಕ್ಕ ಮೊದಲು ಮುಗಿಸೋಣ, ಅಲ್ಲಿ ದುಬಾರಿ ವಾಚು ಸೋತೇ ಸೋಲುತ್ತೆ.

ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ. ಸಾಧಾರಣ ಕ್ವಾರ್ಟ್ಜ್ ತಿಂಗಳಿಗೆ 15-20 ಸೆಕೆಂಡ್ ಆಚೀಚೆ. ಎರಡು ಸಾವಿರ ರೂಪಾಯಿ ಮುಟ್ಟದ ಕ್ಯಾಸಿಯೋ ಎಫ್-91ಡಬ್ಲ್ಯೂ ಕೂಡ ತಿಂಗಳಿಗೆ 30 ಸೆಕೆಂಡ್ ಒಳಗೆ. ಸೀಕೋ 5 ಒಳಗಿನ 4ಆರ್36 ಮಷಿನ್‌ಗೆ ಕಂಪನಿ ಕೊಡೋ ಮಾತು ದಿನಕ್ಕೆ 45 ಸೆಕೆಂಡ್ ಮುಂದೆ ಅಥವಾ 35 ಹಿಂದೆ. ಸಾಮಾನ್ಯವಾಗಿ ಅದಕ್ಕಿಂತ ಚೆನ್ನಾಗೇ ನಡೆಯುತ್ತೆ, ಆದ್ರೆ ಗ್ಯಾರಂಟಿ ಅಷ್ಟೇ. ಸ್ವಿಸ್‌ನ ಸಿಒಎಸ್‌ಸಿ ಕ್ರೋನೋಮೀಟರ್ (ಕರಾರುವಾಕ್ಕು ವಾಚು ಅನ್ನೋ ಪಟ್ಟ) ಪರೀಕ್ಷೆ 15 ದಿನ, 5 ಭಂಗಿ, 3 ಉಷ್ಣತೆಯಲ್ಲಿ ನಡೆಯುತ್ತೆ. ಪಾಸಾಗೋಕೆ ಸರಾಸರಿ ದಿನಕ್ಕೆ -4ರಿಂದ +6 ಸೆಕೆಂಡ್ ಒಳಗಿರಬೇಕು. ರೋಲೆಕ್ಸ್ ತನ್ನದೇ ಕಟ್ಟುನಿಟ್ಟಲ್ಲಿ ದಿನಕ್ಕೆ -2/+2 ಅನ್ನುತ್ತೆ. ದಿನಕ್ಕೆ 86,400 ಸೆಕೆಂಡ್. ಅದರಲ್ಲಿ ಎರಡು ಅಂದ್ರೆ ಸಣ್ಣ ಸ್ಪ್ರಿಂಗು, ಚಕ್ರಗಳ ಮಟ್ಟಿಗೆ ಬೆರಗಿನ ಮಾತೇ. ಆದ್ರೂ ದಿನಾ ಎರಡು ಮುಂದೆ ಓಡಿದ್ರೆ ತಿಂಗಳಿಗೆ ಒಂದು ನಿಮಿಷ. ಕ್ಯಾಸಿಯೋದ ಎರಡರಷ್ಟು.

ಕರಾರುವಾಕ್ಕಿಗೇ ದುಡ್ಡು ಕೊಡ್ತೀನಿ ಅನ್ನೋರಿಗೆ ಗ್ರ್ಯಾಂಡ್ ಸೀಕೋದ 9ಎಫ್ ಕ್ವಾರ್ಟ್ಜ್ ಇದೆ. ಹರಳಿಗೆ ಶೆಕೆ, ಚಳಿ ಎರಡೂ ಆಗಲ್ಲ, ಲಯ ನಿಧಾನ ಆಗುತ್ತೆ. 9ಎಫ್ ದಿನಕ್ಕೆ 540 ಸಲ ಉಷ್ಣತೆ ಅಳೆದು ತಿದ್ಕೊಳ್ಳುತ್ತೆ, ವರ್ಷಕ್ಕೇ 10 ಸೆಕೆಂಡ್ ವ್ಯತ್ಯಾಸ.

ಹಾಗಾದ್ರೆ ಜಾಸ್ತಿ ದುಡ್ಡು ಎಲ್ಲಿಗೆ ಹೋಗುತ್ತೆ? ಹತ್ತರಿಂದ ಎಪ್ಪತ್ತು-ಎಂಬತ್ತು ಸಾವಿರಕ್ಕೆ ಹೋಗುವಷ್ಟರಲ್ಲಿ ಕೈಗೆ ಸಿಗೋ ವ್ಯತ್ಯಾಸಗಳಿವೆ. ನಿಮ್ಮ ಹುಡುಗನ ಮಟ್ಟಿಗೆ ದೊಡ್ಡದು ಗ್ಲಾಸು. ಮಾಮೂಲಿ ಮಿನರಲ್ ಗ್ಲಾಸಿನ ಗಡಸುತನ ಒಂದರಿಂದ ಹತ್ತರ ಮೋಹ್ಸ್ ಮಾಪನದಲ್ಲಿ ಐದೂವರೆ-ಆರು. ದುರ್ಗದ ಧೂಳು ಅಂದ್ರೆ ಬಂಡೆಯ ಪುಡಿ, ಅದರಲ್ಲಿರೋ ಬೆಣಚು 7. ಧೂಳು ಕೂತ ಗ್ಲಾಸನ್ನ ಅಂಗಿ ತೋಳಲ್ಲಿ ಒರೆಸಿದ್ರೆ ಅದು ಒರೆಸಿದ ಹಾಗಲ್ಲ, ಉಜ್ಜುಕಾಗದ ಆಡಿಸಿದ ಹಾಗೆ. ಸಫೈರ್ ಗ್ಲಾಸು 9, ಬೆಣಚಿಗೆ ಜಗ್ಗಲ್ಲ. ಪಿಆರ್‌ಎಕ್ಸ್‌ನಲ್ಲಿ ಸಫೈರ್ ಇದೆ. ಸೀಕೋ 5ರಲ್ಲಿ ಸಾಮಾನ್ಯವಾಗಿ ಹಾರ್ಡ್‌ಲೆಕ್ಸ್, ಅದು ಗಟ್ಟಿ ಮಾಡಿದ ಮಿನರಲ್ಲೇ. ಸಫೈರಿಗೂ ಒಂದು ಊನ: ಗೀರು ಬೀಳಲ್ಲ, ಆದ್ರೆ ಅಂಚಿಗೆ ಸ್ಪ್ಯಾನರ್ ತಾಗಿದ್ರೆ ಚೂರಾಗುತ್ತೆ. ಆ ಚೂರು ಡಯಲ್ ಮೇಲೂ ಗೀಚುತ್ತೆ, ಮಷಿನ್ ಒಳಗೂ ಇಳಿಯುತ್ತೆ.

ಲಕ್ಷ ದಾಟಿದ ಮೇಲೆ ಕೊಡೋದೆಲ್ಲ ಹೆಚ್ಚಾಗಿ ಪಾಲಿಶ್, ಹೊಂದಿಸೋ ಕೂಲಿ, ಹೆಸರು. ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಭೂತಗನ್ನಡಿ ಹಿಡಿದು ಮುಳ್ಳಿನ ಅಂಚು ನೋಡಿ. ಅಗ್ಗದ್ದರಲ್ಲಿ ಅಚ್ಚಲ್ಲಿ ಒತ್ತಿ ಕತ್ತರಿಸಿದ ಮುರುಕು ಅಂಚು, ಮೇಲೆ ಲೇಪ. ಗ್ರ್ಯಾಂಡ್ ಸೀಕೋದಲ್ಲಿ ಅದೇ ಅಂಚು ಒಂದು ಕಡೆ ವಾಲಿಸಿದ್ರೆ ಪೂರ್ತಿ ಕಪ್ಪು, ಕೂದಲೆಳೆಯಷ್ಟು ತಿರುಗಿಸಿದ್ರೆ ಪೂರ್ತಿ ಬಿಳುಪು. ಅದು ಕೈಕೆಲಸ. ಬೆಲೆ ಇದೆ. ಸೈಟಿನ ಬಿಸಿಲಲ್ಲಿ ಯಾರು ನೋಡ್ತಾರೆ ಅನ್ನೋದು ಬೇರೆ ಮಾತು.

ಐಗ್ಲಾಸ್

ಮೇಲಿನೋರು ಹೇಳಿದ್ದು ಸರಿ ಐತೆ, ಆದ್ರೆ ಅಂಗಡಿ ಶೋಕೇಸಿನ ಮಾತು. ಟೇಬಲ್ ಮೇಲಿನ ಮಾತು ಕೇಳ್ರಿ.

ಗಾಳಿಯಂತ್ರ ಅಂದ್ರಲ್ಲ, ಮೊದಲ ಶತ್ರು ಧೂಳಲ್ಲ, ಮ್ಯಾಗ್ನೆಟ್. ಜನರೇಟರ್, ಬ್ರೇಕ್ ಕಾಯಿಲ್, ಮ್ಯಾಗ್ನೆಟಿಕ್ ಬೇಸ್ ಇರೋ ಡಯಲ್ ಗೇಜು, ಅಷ್ಟ್ಯಾಕೆ, ಮೊಬೈಲ್ ಕವರಿನ ಮುಚ್ಚಳ ಸಾಕು. ಆಟೋಮ್ಯಾಟಿಕ್‌ನಾಗಿರೋ ಹೇರ್‌ಸ್ಪ್ರಿಂಗ್ (ಲಯ ಹಿಡಿಯೋ ಕೂದಲೆಳೆಯಂಥ ಸುರುಳಿ) ಸುತ್ತುಗಳು ಒಂದಕ್ಕೊಂದು ಅಂಟಿಕೊಂಡ್ರೆ ಸ್ಪ್ರಿಂಗು ಗಿಡ್ಡ ಆದಂಗೆ, ವಾಚು ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡ್ತತಿ. ನಿನ್ನೆ ತನಕ ಸರಿ ಇದ್ದು ಇವತ್ತು ಇದ್ದಕ್ಕಿದ್ದಂಗೆ ಓಡಿದ್ರೆ ಮೊದಲ ಅನುಮಾನ ಇದೇ. ಸಾದಾ ದಿಕ್ಸೂಚಿ ಹತ್ರ ಹಿಡೀರಿ, ಮುಳ್ಳು ಸರಕ್ಕನೆ ತಿರುಗಿದ್ರೆ ಮ್ಯಾಗ್ನೆಟ್ ಹಿಡಿದೈತೆ. ಬಿಚ್ಚೋದು ಬ್ಯಾಡ, ಡಿಮ್ಯಾಗ್ನೆಟೈಸರ್ ಡಬ್ಬಿ ಸಾಕು. ವಾಚು ಮೇಲಿಟ್ಟು ಗುಂಡಿ ಒತ್ತಿ, ಒತ್ತಿ ಹಿಡಿದೇ ವಾಚನ್ನ ಮೆಲ್ಲಗೆ ಒಂದು ಅಡಿಗಿಂತ ದೂರ ಎತ್ತಿ, ಆಮೇಲೆ ಗುಂಡಿ ಬಿಡ್ರಿ. ಹತ್ರ ಇದ್ದಾಗಲೇ ಬಿಟ್ರೆ ಮತ್ತೆ ಮ್ಯಾಗ್ನೆಟ್ ತುಂಬಿದಂಗೆ. ಬಹಳ ಮಂದಿ ಇಲ್ಲೇ ತಪ್ಪೋದು. ಕ್ವಾರ್ಟ್ಜ್ ಆದ್ರೆ ಮ್ಯಾಗ್ನೆಟ್ ಹತ್ರ ಇದ್ದಷ್ಟು ಹೊತ್ತು ನಿಲ್ತತಿ, ದೂರ ಹೋದ್ರೆ ತಾನೇ ನಡೀತತಿ. ಟೈಮು ತಿದ್ದಿಕೊಂಡ್ರೆ ಆಯ್ತು. ಪಿಆರ್‌ಎಕ್ಸ್ ಪವರ್‌ಮ್ಯಾಟಿಕ್‌ನಾಗ ನಿವಾಕ್ರಾನ್ ಅನ್ನೋ ಮಿಶ್ರಲೋಹದ ಸ್ಪ್ರಿಂಗ್ ಐತೆ, ಮ್ಯಾಗ್ನೆಟ್ಟಿಗೆ ಬೇಗ ಬಗ್ಗಲ್ಲ. ಆ ಮಟ್ಟಿಗೆ ಅದರ ದುಡ್ಡು ದಂಡ ಅಲ್ಲ.

ಇನ್ನ ರಿಪೇರಿ. ಸೀಕೋ 5 ಮಷಿನ್ನೂ, ಅದೇ ಮನೆತನದ ಎನ್‌ಎಚ್35, ಎನ್‌ಎಚ್36 ಮಷಿನ್ನೂ ಅಣ್ಣತಮ್ಮ ಇದ್ದಂಗೆ. ಎನ್‌ಎಚ್ ಬಿಡಿಯಾಗಿ ಸಿಗ್ತತಿ. ತೀರಾ ಕೆಟ್ರೆ ಓವರ್‌ಹಾಲ್ ಕೂಲಿಗಿಂತ ಹೊಸ ಮಷಿನ್ ಕೂರಿಸೋದೇ ಅಗ್ಗ ಬೀಳಬಹುದು. ಮಂಡಿಪೇಟೆ, ಚೌಕಿಪೇಟೆ ಕಡೆ ಕೈ ಪಳಗಿದೋರು ಯಾರಾದ್ರೂ ಮಾಡೋ ಕೆಲಸ, ಆದ್ರೆ ಮಾಡೋವಾಗ ಇಷ್ಟು ಗಮನಿಸ್ಲಿ:

ಮುಳ್ಳಿನ ತೂತು ಗಂಟೆಗೆ 1.50, ನಿಮಿಷಕ್ಕೆ 0.90, ಸೆಕೆಂಡಿಗೆ 0.20 ಮಿ.ಮೀ. ಸ್ವಿಸ್ ಈಟಿಎ 2824ರ ಸೆಕೆಂಡ್ ಮುಳ್ಳು 0.25; ಅದನ್ನ ಇದಕ್ಕೆ ಹಾಕಿದ್ರೆ ಸಡಿಲಾಗಿ ಒಂದಿನ ಬಿದ್ದೇ ಬೀಳ್ತತಿ. ಸೀಕೋ 5ರ ವಾರ-ತಾರೀಕು ಎರಡೂ ಬೇಕಂದ್ರೆ ಎನ್‌ಎಚ್36, ತಾರೀಕು ಮಾತ್ರ ಸಾಕಂದ್ರೆ 35. ಹೊಸ ಸ್ಟೆಮ್, ಅಂದ್ರೆ ಚಾವಿಯ (ಪಕ್ಕದ ತಿರುಗಿಸೋ ಗುಂಡಿಯ) ಕಡ್ಡಿ, ಉದ್ದ ಬಂದಿರ್ತತಿ. ಒಂದೇ ಏಟಿಗೆ ಕತ್ತರಿಸಬಾರದು, ಸ್ವಲ್ಪ ಸ್ವಲ್ಪ ಅರ ಹಾಕಿ ಚಾವಿ ಕೂರಿಸಿ ಕೂರಿಸಿ ನೋಡಬೇಕು. ಗಿಡ್ಡ ಆದ್ರೆ ಚಾವಿ ಕೇಸಿಗೆ ತಾಗಿ ನಿಲ್ತತಿ, ಕಡ್ಡಿ ಪೂರ್ತಿ ಒಳಗೆ ಕೂರಲ್ಲ, ಸ್ಟೆಮ್ ದಂಡ. ಡಯಲ್ ಹಿಂದಿನ ಕಾಲು ಎರಡೂ ತೂತಿಗೆ ಸರಿಯಾಗಿ ಕೂತೈತಾ ನೋಡ್ದೆ ಒತ್ತಿದ್ರೆ ಕಾಲು ಮುರೀತತಿ, ಆಮೇಲೆ ಗಮ್ ಟೇಪಿನ ನಾಟಕ.

ಟೈಮ್ ಹೆಚ್ಚು ಕಡಿಮೆ ಅಂತ ರೆಗ್ಯುಲೇಟರ್ (ವೇಗ ತಿದ್ದೋ ಕಡ್ಡಿ) ತಳ್ಳೋವಾಗ ಬಡಿತ ಅಳೆಯೋ ಟೈಮ್‌ಗ್ರಾಫರ್ ಮೇಲೆ ಲಿಫ್ಟ್ ಆಂಗಲ್ ಅನ್ನೋ ಸೆಟ್ಟಿಂಗ್ 53 ಡಿಗ್ರಿ ಇಟ್ಟಿರಬೇಕು. ಬ್ಯಾಲೆನ್ಸ್, ಅಂದ್ರೆ ಆಚೀಚೆ ಆಡೋ ಚಕ್ರದ ಮೇಲೆ ಎರಡು ಕಡ್ಡಿ ಇರ್ತಾವೆ. ಒಂದು ವೇಗಕ್ಕೆ, ಇನ್ನೊಂದು ಬೀಟ್ ಸರಿ ಮಾಡೋಕೆ. ಎರಡನೇದು ಅಲುಗಿಸಿದ್ರೆ ಟಿಕ್-ಟಾಕ್ ಕುಂಟ್ತತಿ. ಪೂರ್ತಿ ಕೀ ಕೊಟ್ಟಾಗಲೂ ಆಂಪ್ಲಿಟ್ಯೂಡ್ (ಆ ಚಕ್ರದ ಆಟ) 220 ಡಿಗ್ರಿಗಿಂತ ಕೆಳಗಿದ್ರೆ ಕಡ್ಡಿ ತಳ್ಳೋದು ಬಿಟ್ಟು ತೊಳೆದು ಎಣ್ಣೆ ಹಾಕ್ರಿ.

ಪಿಆರ್‌ಎಕ್ಸ್ ಕಥೆ ಬೇರೆ. ಪವರ್‌ಮ್ಯಾಟಿಕ್ 80ಕ್ಕೆ ಆ ಥರ ತಳ್ಳೋ ರೆಗ್ಯುಲೇಟರೇ ಇಲ್ಲ. ಕೆಲವು ಆವೃತ್ತಿನಾಗ ಎಸ್ಕೇಪ್‌ಮೆಂಟ್ (ಚಕ್ರಗಳ ಓಟ ಬಿಟ್ಟು ಹಿಡಿಯೋ) ಭಾಗ ಪ್ಲಾಸ್ಟಿಕ್ ಜಾತೀದು. ಬಿಡಿಭಾಗ ಹೊರಗಿನ ರಿಪೇರಿಯೋರ ಕೈಗೆ ಸುಲಭಕ್ಕೆ ಬರಲ್ಲ. ಅಂದ್ರೆ ಕಂಪನಿ ಸರ್ವಿಸ್, ಅಂದ್ರೆ ಬೆಂಗಳೂರಿಗೋ ಇನ್ನೂ ಆಚೆಗೋ ಕೊರಿಯರ್. ಸಾದಾ ಬೆಲ್ಟು ಕೂಡ ಅದಕ್ಕೆ ಕೂರಲ್ಲ, ಚೈನು ಕೇಸಿಗೇ ಹೊಂದಿಸಿ ಮಾಡಿದ್ದು.

ಹದಿನೇಳು_ಜ್ಯುವೆಲ್

ಎಚ್‌ಎಂಟಿ ವಿಷಯ ನಾನು ಹೇಳ್ತೀನಿ. 1961ರಲ್ಲಿ ಬೆಂಗಳೂರಲ್ಲಿ ಸಿಟಿಜನ್ ಸಹಯೋಗದಲ್ಲಿ ಶುರು, ಆಮೇಲೆ ತುಮಕೂರಿನ ಕಾರ್ಖಾನೆ. ಮುಚ್ಚೋದಕ್ಕೆ ಕೇಂದ್ರ ಒಪ್ಪಿಗೆ ಕೊಟ್ಟಿದ್ದು 2016ರಲ್ಲಿ. ಅವರ ಜನತಾ ಮಾಡಲಿನ 17 ಜ್ಯುವೆಲ್ (ಸವೆತ ತಡೆಯೋ ಸಣ್ಣ ಹರಳು), ಕೈಲಿ ಕೀ ಕೊಡೋ ಮಷಿನ್ ಇವತ್ತಿಗೂ ಕಟ್ಟುಮಸ್ತು. ಗಂಟೆಗೆ 18,000 ಬಡಿತ, ಭಾಗಗಳು ದಪ್ಪ, ಸವೆತ ಕಡಿಮೆ. ಆದ್ರೆ ಮದುವೆ ಉಡುಗೊರೆಗೆ ಅಂತ ಆನ್‌ಲೈನಲ್ಲಿ ನೋಡ್ಬೇಡಿ. ಬಣ್ಣಬಣ್ಣದ ಡಯಲ್ ಇರೋ ಅಗ್ಗದ "ಹೊಸ" ಎಚ್‌ಎಂಟಿಗಳಲ್ಲಿ ಬಹಳಷ್ಟು ಹಳೇ ಮಷಿನ್‌ಗೆ ಹೊಸ ಬಣ್ಣ ಬಳಿದ ಡಯಲ್, ಎಲ್ಲೆಲ್ಲಿಂದಲೋ ತಂದ ಕೇಸು. ಅಕ್ಷರದ ಅಂಚು ಹರಡಿರುತ್ತೆ, ನಿಮಿಷದ ಗೆರೆ ಅಂಕಿಗೆ ಸರಿಯಾಗಿ ಸೇರಲ್ಲ. ಮತ್ತೆ, ಸೈಟಲ್ಲಿ ಬೆವರು-ನೀರಿಗೆ ಜನತಾ ಹೇಳಿ ಮಾಡಿಸಿದ್ದಲ್ಲ.

ಬಿಲ್_ಇಟ್ಕೊಳ್ಳಿ

ರೋಲೆಕ್ಸ್ ಬಂಗಾರ ಅನ್ನೋ ಹಿರಿಯರಿಗೆ: ಕೆಲವೇ ಕಂಪನಿಯ ಕೆಲವೇ ಮಾಡಲ್‌ಗಳು ಕೊಂಡ ಬೆಲೆ ಉಳಿಸಿಕೊಳ್ಳುತ್ತವೆ, ಅವು ಹೆಚ್ಚಾಗಿ ಅಂಗಡಿಗೆ ಹೋದ ದಿನವೇ ಸಿಗಲ್ಲ. ಲಕ್ಷದ ಆಸುಪಾಸಿನ ಸ್ವಿಸ್ ವಾಚು ಬಾಗಿಲು ದಾಟಿದ ಕೂಡಲೇ ಸೆಕೆಂಡ್‌ಹ್ಯಾಂಡ್. ಬಂಗಾರ ಒತ್ತೆ ಇಟ್ಟರೆ ಅದೇ ದಿನ ಸಾಲ ಸಿಗುತ್ತೆ, ವಾಚು ಇಟ್ಟು ನೋಡಿ.

ಅದೇ ಹೊತ್ತಿಗೆ ಮೇಲಿನವರ ಜೊತೆ ಒಂದು ತಕರಾರು. "ಲಕ್ಷ ದಾಟಿದ್ರೆ ಬರೀ ಹೆಸರು" ಅನ್ನೋದು ಪೂರ್ತಿ ಸರಿಯಲ್ಲ. ರೋಲೆಕ್ಸಿನ 3235 ಮಷಿನ್ನಿಗೆ ಒಮ್ಮೆ ಕೀ ತುಂಬಿದ್ರೆ 70 ಗಂಟೆ ಓಟ, ಸುಮಾರು ಹತ್ತು ವರ್ಷಕ್ಕೊಮ್ಮೆ ಸರ್ವಿಸ್, ಐದು ವರ್ಷ ಗ್ಯಾರಂಟಿ. ಒಮೆಗಾದ ಮಾಸ್ಟರ್ ಕ್ರೋನೋಮೀಟರ್‌ಗಳನ್ನ 15,000 ಗಾಸ್ ಮ್ಯಾಗ್ನೆಟ್ಟಿನಲ್ಲಿಟ್ಟು ಪರೀಕ್ಷೆ ಮಾಡ್ತಾರೆ. ಗಾಳಿಯಂತ್ರದ ಹುಡುಗನಿಗೆ ಅದು ಬರೀ ಹೆಸರಲ್ಲ. ಆದ್ರೆ ಆ ಸರ್ವಿಸ್ ಬಿಲ್ಲೂ ಐದಂಕಿಯಲ್ಲೇ ಬರುತ್ತೆ, ಒಂದು ಒಳ್ಳೇ ಸೀಕೋ ಬೆಲೆ.

"ಸ್ವಿಸ್ ಮೇಡ್" ಅಂದ ಮಾತ್ರಕ್ಕೆ ಎಲ್ಲವೂ ಅಲ್ಲಿಯದೇ ಅಂದ್ಕೋಬೇಡಿ. 2017ರ ನಿಯಮದಲ್ಲಿ ತಯಾರಿಕಾ ವೆಚ್ಚದ ಕನಿಷ್ಠ ಶೇ. 60 ಭಾಗ ಸ್ವಿಟ್ಜರ್ಲೆಂಡಿನದಾದ್ರೆ ಸಾಕು, ಮಷಿನ್ ಸ್ವಿಸ್ ಇರಬೇಕು, ಜೋಡಣೆ ಅಲ್ಲಾಗಬೇಕು.

ಕೊಳ್ಳುವಾಗ: ಬಿಲ್ಲಿನಲ್ಲಿ ಮಾಡಲ್ ಮತ್ತು ಸೀರಿಯಲ್ ನಂಬರ್ ಎರಡೂ ಇರಲಿ, ವಾಚಿನ ಹಿಂಬದಿ ನಂಬರಿಗೆ ಅಲ್ಲೇ ತಾಳೆ ನೋಡಿ. ಗ್ಯಾರಂಟಿ ಕಾರ್ಡಿಗೆ ತಾರೀಕು, ಅಂಗಡಿ ಮೊಹರು. ಜಿಎಸ್‌ಟಿ 18% ಸೇರಿದ ಬೆಲೆಯೇ ಎಂದು ಕೇಳಿ. ಎರಡು ಲಕ್ಷ ದಾಟಿದ್ರೆ ಪ್ಯಾನ್ ಬೇಕು, ನಗದು ನಡೆಯಲ್ಲ. ಹತ್ತು ಲಕ್ಷ ದಾಟಿದ ವಾಚಿಗೆ 2025ರ ಏಪ್ರಿಲ್‌ನಿಂದ 1% ಟಿಸಿಎಸ್ (ಅಂಗಡಿಯವರೇ ಹಿಡಿಯೋ ಆದಾಯ ತೆರಿಗೆ) ಕೂಡ ಇದೆ. "ಡಬ್ಬಿ ಇಲ್ಲ, ಬಿಲ್ ಇಲ್ಲ, ಅರ್ಧ ರೇಟು" ಅಂದ್ರೆ ಅದು ಫಸ್ಟ್ ಕಾಪಿ, ಅಂದ್ರೆ ನಕಲಿ.

ಮದುವೆಮನೆ_577002

ಎಲ್ಲರಿಗೂ ಥ್ಯಾಂಕ್ಸ್. ಈಗ ಮನಸ್ಸು ಸೀಕೋ ಕಡೆ ವಾಲಿದೆ. ಎರಡು ಸಣ್ಣ ಪ್ರಶ್ನೆ. 100 ಮೀಟರ್ ಅಂತ ಬರೆದಿದೆ, ಸ್ನಾನಕ್ಕೆ ಹಾಕ್ಕೊಂಡ್ರೆ ನಡೆಯುತ್ತಾ? ಹಿಂದುಗಡೆ ಹೆಸರು ಕೆತ್ತಿಸಬೇಕು ಅಂತ ಮನೆಯವರ ಆಸೆ.

ಐಗ್ಲಾಸ್

ತಣ್ಣೀರಿಗೆ ಅಡ್ಡಿ ಇಲ್ಲ. ಬಿಸಿನೀರು, ಸೋಪು ಬ್ಯಾಡ. ಬಿಸಿಗೆ ರಬ್ಬರ್ ವಾಷರ್ ಹಿಗ್ಗಿ ಕುಗ್ಗಿ ಸಡಿಲ ಆಗ್ತತಿ, ಸೋಪು ಅದನ್ನ ಒಣಗಿಸ್ತತಿ. ಯಾವಾಗ ಹಿಂಬದಿ ಬಿಚ್ಚಿಸಿದ್ರೂ ವಾಷರಿಗೆ ಸಿಲಿಕೋನ್ ಗ್ರೀಸ್ ಹಚ್ಚಿಸ್ರಿ, ಪಕ್ಕಕ್ಕೆ ಹೊರಳಿಕೊಂಡು ಕೂತೈತಾ ನೋಡಿಸ್ರಿ. ಗ್ಲಾಸೊಳಗೆ ಹಬೆ ಕಂಡ್ರೆ ಅಕ್ಕಿ ಡಬ್ಬಿಗೆ ಹಾಕಬ್ಯಾಡ್ರಿ, ಬಿಸಿಲಿಗೂ ಇಡಬ್ಯಾಡ್ರಿ. ಅವತ್ತೇ ಬಿಚ್ಚಿಸ್ಬೇಕು, ಯಾಕಂದ್ರೆ ಮೊದಲು ತುಕ್ಕು ಹಿಡಿಯೋದು ಸ್ಟೆಮ್ಮು, ಅದರ ಪಕ್ಕದ ಸಣ್ಣ ಉಕ್ಕಿನ ಭಾಗ.

ಒಂದೆರಡು ದಿನ ಬಿಚ್ಚಿಟ್ಟು ವಾಚು ನಿಂತ್ರೆ ಚಾವಿ ಕೈಲಿ ತಿರುಗಿಸಿ ಕೀ ಕೊಡ್ರಿ, ಸುಮಾರು 55 ಸುತ್ತಿಗೆ ತುಂಬ್ತತಿ. ರಾತ್ರಿ 9ರಿಂದ ಬೆಳಗಿನ 4ರ ನಡುವೆ ತಾರೀಕು ಬದಲಿಸಬ್ಯಾಡ್ರಿ. ಆ ಹೊತ್ತಿಗೆ ತಾರೀಕಿನ ಹಲ್ಲು ಕಚ್ಚಿಕೊಂಡಿರ್ತತಿ, ಒತ್ತಾಯ ಮಾಡಿದ್ರೆ ಮುರೀತತಿ. ಸೈಟಿನಾಗ ಡ್ರಿಲ್, ಹ್ಯಾಮರ್ ಹಿಡಿಯೋ ದಿನ ಅಗ್ಗದ ಕ್ಯಾಸಿಯೋ ಕಟ್ಟಿಕೊಳ್ಲಿ.

ಹೆಸರು ಕೆತ್ತಿಸೋದಾದ್ರೆ ಒಂದು. ಸೀಕೋ 5ರ ಹಿಂಬದಿ ಬಹಳ ಮಾಡಲ್‌ನಾಗ ಗಾಜು, ಸುತ್ತ ಇರೋ ಉಕ್ಕಿನ ಬಳೆ ಮೇಲಷ್ಟೇ ಜಾಗ. ಮುಚ್ಚಳ ಬಿಚ್ಚಿ ಬೇರೆ ಮಾಡೇ ಕೆತ್ತಿಸ್ರಿ, ವಾಚಿಗೆ ಕೂತಿದ್ದಾಗ ಬ್ಯಾಡ. ಆ ನಡುಕಕ್ಕೆ ಸ್ಕ್ರೂ ಸಡಿಲ ಆಗ್ತಾವೆ, ಪುಡಿ ಒಳಗೆ ಬೀಳ್ತತಿ. ಅದಕ್ಕೂ ಮುಂಚೆ ಗ್ಯಾರಂಟಿಗೆ ಏನಾಗ್ತತಿ ಅಂತ ಅಂಗಡಿಯೋರ ಹತ್ರ ಬರೆಸ್ಕೊಳ್ರಿ.

ಚೈನು ಹುಡುಗನ ಕೈಗೆ ಗಿಡ್ಡ ಮಾಡಿಸ್ಬೇಕಲ್ಲ. ಕೊಂಡಿ ಒಳಮೈ ಮೇಲೆ ಬಾಣದ ಗುರುತು ಇರ್ತತಿ, ಪಿನ್ ಆ ಕಡೆಗೇ ಹೊಡೀಬೇಕು, ವಾಪಸ್ ಹಾಕೋವಾಗ ಎದುರು ಕಡೆಯಿಂದ. ಎರಡೂ ಬದಿ ಸಮ ಸಮ ತೆಗೀರಿ, ಇಲ್ಲಾಂದ್ರೆ ಬಕಲ್ ಮಣಿಕಟ್ಟಿನ ಒಂದು ಮಗ್ಗುಲಿಗೆ ಸರೀತತಿ. ತೆಗೆದ ಕೊಂಡಿ, ಪಿನ್ ಎಣಿಸಿ ವಾಪಸ್ ಇಸ್ಕೊಂಡು ಡಬ್ಬಿಯೊಳಗಿಡ್ರಿ. ಮದುವೆಯಾದ ವರ್ಷಕ್ಕೆ ಒಂದಾದ್ರೂ ಮತ್ತೆ ಹಾಕಿಸ್ಬೇಕಾಗ್ತತಿ.