ಅಪ್‌ಡೇಟ್: ಅಪ್ಪನ ಯೆಜ್ಡಿಯ ಬಿಳಿ ಹೊಗೆ ನಿಂತಿತು

ಧಾರವಾಡದ ಮನೆಯಲ್ಲಿ ಅಪ್ಪನ ಹಳೆಯ ಯೆಜ್ಡಿ ಬೈಕನ್ನು ಬಿಚ್ಚಿಟ್ಟುಕೊಂಡು, ಬಿಳಿ ಹೊಗೆ ಏಕೆ ನಿಲ್ಲುತ್ತಿಲ್ಲ, ಗೇರ್ ಆಯಿಲ್ ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿದ್ದೆ. ಕ್ರ್ಯಾಂಕ್ ಸೀಲ್ (ಎಂಜಿನ್‌ನ ತಿರುಗುವ ಶಾಫ್ಟ್ ಸುತ್ತ ಆಯಿಲ್ ನುಗ್ಗದಂತೆ ತಡೆಯುವ ರಬ್ಬರ್ ಬಳೆ) ನೋಡಿ ಎಂದವರ ಮಾತೇ ನಿಜವಾಯಿತು. ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಕ್ಲಚ್ ಬದಿಯ ಸೀಲ್ ಸವೆದರೆ, ಪಿಸ್ಟನ್ ಮೇಲೇರುವಾಗ ಗೇರ್ ಆಯಿಲ್ ಒಳಗೆ ಸೆಳೆದುಕೊಂಡು ಪೆಟ್ರೋಲಿನ ಜೊತೆಗೇ ಉರಿಯುತ್ತದೆ.

ಹೊಸ ಸೀಲ್ ಹಾಕಿದರೂ ಹೊಗೆ ಹೋಗಲಿಲ್ಲ. ಆ ದಿನ ಕೈಚೆಲ್ಲಿ ಕುಳಿತಿದ್ದೆ. ಮತ್ತೆ ಬಿಚ್ಚಿ ಶಾಫ್ಟ್ ಮೇಲೆ ಉಗುರು ಎಳೆದಾಗ, ಸೀಲಿನ ಅಂಚು ಕೂರುವಲ್ಲಿಯೇ ಸಣ್ಣ ಗೀರು ಸಿಕ್ಕಿತು. ಹುಬ್ಬಳ್ಳಿಯ ಗೋಕುಲ ರಸ್ತೆಯ ಲೇಥ್ ಅಂಗಡಿಯ ಹಿರಿಯರೊಬ್ಬರು ಅಲ್ಲಿಗೆ ತೆಳುವಾದ ಉಕ್ಕಿನ ಸ್ಲೀವ್ (ಗೀರನ್ನು ಮುಚ್ಚುವ ಬಳೆ) ಕೂರಿಸಿಕೊಟ್ಟರು. ಎಂಥ ಪಳಗಿದ ಕೈ ಅವರದು! ಈಗ ಎರಡೂ ಸೈಲೆನ್ಸರ್‌ಗಳಿಂದ ತೆಳು ನೀಲಿ ಹೊಗೆ ಮಾತ್ರ; ಪೆಟ್ರೋಲಿಗೆ 2ಟಿ (ಟೂ-ಸ್ಟ್ರೋಕ್) ಆಯಿಲ್ ಬೆರೆಸುವ ಗಾಡಿಗೆ ಅಷ್ಟು ಇರುವಂಥದ್ದೇ. ವೈರಿಂಗ್, ಬ್ರೇಕ್ ಶೂ ಕೆಲಸ ಇನ್ನೂ ಬಾಕಿ ಇದೆ.