ಪೈನ್‌ವುಡ್ ಡರ್ಬಿ ಕಾರಿಗೆ ಆಕ್ಸಲ್ ತೂತು: ಮೆಷಿನಿಸ್ಟ್ ಸರ್‌ನ ಕೇಳಿ

ಫ್ರೀಮಾಂಟ್ ಅಪ್ಪ: ಸರ್, ಮಗನ ಕಬ್ ಸ್ಕೌಟ್ ಪ್ಯಾಕಿನ (ಅಮೆರಿಕದ ಚಿಕ್ಕ ಮಕ್ಕಳ ಸ್ಕೌಟ್ ಗುಂಪು) ಪೈನ್‌ವುಡ್ ಡರ್ಬಿ, ಅಂದ್ರೆ ಪೈನ್ ಮರದ ಪುಟ್ಟ ಕಾರುಗಳ ರೇಸ್, ಶನಿವಾರ ಇದೆ. ಕಿಟ್‌ನ ಮರದ ತುಂಡಲ್ಲಿ ಮೊದಲೇ ಇರೋ ಸ್ಲಾಟ್ (ಸೀಳು) ಬಿಟ್ಟು, ಗಾಲಿಯ ಆಕ್ಸಲ್ ಆಗೋ ಮೊಳೆ ಕೂರಿಸೋಕೆ ಕೈ ಡ್ರಿಲ್‌ನಲ್ಲಿ ತೂತು ಕೊರೆದೆ. ಕಾರು ಬಲಕ್ಕೆ ಎಳೆಯುತ್ತೆ, ಹಿಂದಿನ ಬಲಗಾಲಿ ಬಾಡಿಗೆ ಉಜ್ಜುತ್ತೆ. ಮೊಳೆ ನೆಟ್ಟಗೇ ಇದೆ.

ಮೆಷಿನಿಸ್ಟ್: ಹಾಗಾದ್ರೆ ತೂತೇ ಸೊಟ್ಟ. ಪೈನ್ ಮರದಲ್ಲಿ ಒಂದು ಗೆರೆ ಮೆದು, ಪಕ್ಕದ್ದು ಗಟ್ಟಿ, ತೆಳ್ಳನೆ ಬಿಟ್ (ಡ್ರಿಲ್‌ನ ಕೊರೆಯೋ ಕಡ್ಡಿ) ಮೆದು ಕಡೆಗೆ ಜಾರುತ್ತೆ, ಹೊರಗಿಂದ ನೋಡಿದರೆ ಗೊತ್ತೇ ಆಗೋದಿಲ್ಲ. ಮೊಳೆ ತೆಗೆದು, ಕೊರೆದ ಸೈಜಿನದೇ ಎರಡು ಬಿಟ್‌ಗಳನ್ನು ಹಿಂದುಮುಂದಾಗಿ, ಅಂದ್ರೆ ನುಣುಪು ತುದಿ ಒಳಗೆ ಹೋಗೋ ಹಾಗೆ, ಹಿಂದಿನ ಎರಡು ತೂತಿಗೆ ಹಾಕಿ ಮೇಲಿಂದ ನೋಡಿ. ಎರಡೂ ಒಂದೇ ಗೆರೆಯಲ್ಲಿ ಕಾಣಬೇಕು. ನಿಮ್ಮ ಬಲಗಡೆಯದರ ಹೊರತುದಿ ಮುಂದಕ್ಕೆ ವಾಲಿರುತ್ತೆ. ಅದೇ ತೂತಲ್ಲಿ ಮತ್ತೆ ಕೊರೆಯಬೇಡಿ, ಬಿಟ್ ಹಳೇ ದಾರಿಯನ್ನೇ ಹಿಡಿಯುತ್ತೆ. ಕಾಲು ಇಂಚು ಮುಂದೆ ಎರಡೂ ಕಡೆ ಹೊಸದಾಗಿ ಕೊರೆಯಿರಿ, ಡ್ರಿಲ್ ಪ್ರೆಸ್‌ನಲ್ಲಿ (ಮೇಜಿನ ಮೇಲೆ ನೇರ ಕೊರೆಯೋ ಯಂತ್ರ), ಕಾರಿನ ಅಡಿಯನ್ನು ಫೆನ್ಸ್‌ಗೆ (ನೇರ ಆಸರೆ ಪಟ್ಟಿ) ಒತ್ತಿ ಕ್ಲಾಂಪ್ ಹಾಕಿ. ಬಿಟ್ ಚಕ್‌ನಿಂದ (ಅದನ್ನು ಕಚ್ಚಿ ಹಿಡಿಯೋ ಭಾಗ) ಉದ್ದಕ್ಕೆ ಹೊರಗಿದ್ದರೆ ಬಾಗುತ್ತೆ. ಮಧ್ಯೆ ಮಧ್ಯೆ ಎಳೆದು ಪುಡಿ ತೆಗೆಯಿರಿ. ಇನ್ನೂ ಕಾರು ಕೆತ್ತದ ಉಳಿದವರು, ಬ್ಲಾಕ್ ಚೌಕವಾಗಿರುವಾಗಲೇ ಕೊರೆಯಿರಿ.

ಪ್ಲೇನೋ ಅಮ್ಮ: ಯಾವ ಸೈಜ್ ಬಿಟ್ ಸರ್?

ಮೆಷಿನಿಸ್ಟ್: 44 ನಂಬರ್, 0.086 ಇಂಚು. ವೇಸ್ಟ್ ತುಂಡಲ್ಲಿ ಮೊದಲು ನೋಡಿ.

ಎಡಿಸನ್ ರಾಯರು: ವಾಟ್ಸಾಪ್‌ನಲ್ಲಿ ಬಂದಿದ್ದು: ಮೊಳೆ ಕೆಂಪಗೆ ಕಾಯಿಸಿ ಒತ್ತಿದರೆ ತೂತು ನುಣುಪಾಗುತ್ತೆ. ಆಮೇಲೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಡಿ.

ಮೆಷಿನಿಸ್ಟ್: ದಯವಿಟ್ಟು ಯಾರೂ ಮಾಡಬೇಡಿ. ಮಕ್ಕಳ ಕೈ ಸುಡುತ್ತೆ. ಮರ ಸುಟ್ಟು ತೂತು ಅಗಲ ಆಗುತ್ತೆ, ಮೊಳೆ ನಿಲ್ಲೋದಿಲ್ಲ. ಎಣ್ಣೆಗೆ ಧೂಳು ಅಂಟುತ್ತೆ, ಬಹಳ ಪ್ಯಾಕ್‌ಗಳಲ್ಲಿ ಎಣ್ಣೆ ಬಿಡೋ ಹಾಗೂ ಇಲ್ಲ. ಒಣ ಗ್ರಾಫೈಟ್ ಪುಡಿ ಸಾಕು. ಕಳಿಸೋ ಮುಂಚೆ ನೀವೇ ಒಮ್ಮೆ ಮಾಡಿ ನೋಡಿದ್ರಾ?

ಎಡಿಸನ್ ರಾಯರು: ಬಂದಿದ್ದನ್ನ ಹಾಕಿದೆ ಅಷ್ಟೇ. ಹೀಗೆ ಬೈಯೋದು ಬೇಡ.

ಕೊಲಂಬಸ್ ಅಪ್ಪ: ಸರ್, ಹಿಂದಿನ ಗಾಲಿಗೆ 3 ಡಿಗ್ರಿ ಓರೆ ಕೊಡ್ತಾರಂತೆ. ಓರೆಯಾಗಿ ಕೊರೆಯೋದಾ?

ಅಟ್ಲಾಂಟಾ ಅಮ್ಮ: ಡ್ರಿಲ್ ಪ್ರೆಸ್, ಫೆನ್ಸ್, ಡಿಗ್ರಿ. ಇದರಲ್ಲಿ ಮಗು ಎಲ್ಲಿದೆ? 1953ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್‌ನಲ್ಲಿ ಡಾನ್ ಮರ್ಫಿ ಇದನ್ನ ಶುರು ಮಾಡಿದ್ದು ಅಪ್ಪ ಮಗ ಜೊತೆಗೆ ಕೂತು ಮಾಡಲಿ ಅಂತ.

ಫ್ರೀಮಾಂಟ್ ಅಪ್ಪ: ಕಬ್ ಸ್ಕೌಟ್ ಮಕ್ಕಳು ಪವರ್ ಟೂಲ್ ಮುಟ್ಟೋ ಹಾಗಿಲ್ಲ ಮೇಡಂ. ಉಜ್ಜಿದ್ದು, ಬಣ್ಣ ಬಳಿದಿದ್ದು ಮಗನೇ.

ಅಟ್ಲಾಂಟಾ ಅಮ್ಮ: ಎಲ್ಲ ಅಪ್ಪಂದಿರೂ ಇದನ್ನೇ ಹೇಳ್ತೀರಿ. ಹೋದ ವರ್ಷ ನಮ್ಮಲ್ಲಿ ಗೆದ್ದ ಹುಡುಗನಿಗೆ ವೇಗಕ್ಕೆ ಅಂತ ತನ್ನ ಕಾರಿನ ಒಂದು ಗಾಲಿ ಎತ್ತಿಟ್ಟಿದ್ದಾರೆ, ಅದು ನೆಲ ಮುಟ್ಟೋದಿಲ್ಲ ಅನ್ನೋದೇ ಗೊತ್ತಿರಲಿಲ್ಲ.

ಪ್ಲೇನೋ ಅಪ್ಪ: ಸೋತವರು ಹೇಳೋದೇ ಇದು.

ಅಟ್ಲಾಂಟಾ ಅಮ್ಮ: ನನ್ನ ಮಗಳು ಸೋತಳು ನಿಜ. ಕಾರು ಅವಳದೇ ಆಗಿತ್ತು.

ಸಿಯಾಟಲ್ ಅಮ್ಮ: ಬಿಟ್ ಸೈಜ್ ಎಷ್ಟು ಸರ್?

ಮೆಷಿನಿಸ್ಟ್: ಮೇಲೆ ಇದೆ. ಓದಿ.

ಫ್ರೀಮಾಂಟ್ ಅಪ್ಪ: ನೋಡಿದೆ ಸರ್, ಬಲಗಡೆಯದು ಮುಂದಕ್ಕೇ ವಾಲಿದೆ. ಆದರೆ ಗಾಲಿಗಳ ನಡುವಿನ ಅಂತರ ಬದಲಿಸೋ ಹಾಗಿಲ್ಲ ಅಂತ ಪ್ಯಾಕಿನವರು ಹೇಳ್ತಿದ್ದಾರೆ.

ಮೆಷಿನಿಸ್ಟ್: ಮೊಳೆ ಬಗ್ಗಿಸೋಕೆ ಒಪ್ಪಿಗೆ ಇದೆಯಾ ಕೇಳಿ. ಇದ್ದರೆ, ಗಾಲಿ ತಿರುಗೋ ಜಾಗ ಬಿಟ್ಟು ಮರದೊಳಗೆ ಹೋಗೋ ಭಾಗವನ್ನ ತುಸು ಬಗ್ಗಿಸಿ. ಮೊಳೆ ತಲೆಯಲ್ಲಿ ಸಣ್ಣ ಕಚ್ಚು ಮಾಡಿ, ಸ್ಕ್ರೂಡ್ರೈವರ್‌ನಿಂದ ಸ್ವಲ್ಪ ಸ್ವಲ್ಪ ತಿರುಗಿಸಿ ಕಾರು ಉರುಳಿಸಿ ನೋಡಿ. ಗಾಲಿ ಬಾಡಿ ಬಿಟ್ಟು ಮೊಳೆ ತಲೆ ಕಡೆ ಸರಿಯುವಲ್ಲಿ ನಿಲ್ಲಿಸಿ. ಈ ಉರುಳಿಸಿ ನೋಡೋ ಕೆಲಸ ಮಗನಿಗೆ ಕೊಡಿ.

ಕೊಲಂಬಸ್ ಅಪ್ಪ: ಸರ್, ನನ್ನ 3 ಡಿಗ್ರಿ?